ವಿದ್ಯಾರ್ಥಿಗಳೂ ವಿಜ್ಞಾನದ ಸ್ವರೂಪವೂ

(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಶುಭಸಮಾರಂಭದಲ್ಲಿ ವಿದ್ಯಾವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀ ಸನ್ನಿಧಿಯವರು ಅಪ್ಪಣೆ ಕೊಡಿಸಿದ್ದಾರೆ. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿದವನು ವಿಜ್ಞಾನವನ್ನು ಕುರಿತು ಮಾತನಾಡುವುದೇಕೆ ಎಂದು ಕೆಲವರಿಗೆ ತೋರಬಹುದು. ವಿಜ್ಞಾನದ ಒಳವಿಷಯಗಳನ್ನು ಬೋಧಿಸಲು ಆಯಾ ಶಾಸ್ತ್ರದ ಅಧ್ಯಾಪಕರಿದ್ದಾರೆ. ಆ ಕೆಲಸ ನನ್ನದಲ್ಲ. ಆದರೆ ಒಂದು ಸಂಗತಿಯನ್ನು ತಿಳಿದೆವು ಎಂದು ಹೇಳುವಾಗ ಆ ತಿಳಿವು ನಮಗೆ ಯಾವ ಪ್ರಮಾಣದಿಂದ ಬಂದಿತು, ಅದು ಎಷ್ಟು ದೃಢವಾದುದು, ಅದಕ್ಕೆ ಬಾಧಕವೇನಾದರೂ ಉಂಟೇ ಎಂದು ವಿಚಾರಿಸುವುದು ತರ್ಕವನ್ನು ಓದಿದವನಿಗೆ ಸಹಜವಾದ ಕೆಲಸ. ಈ ಪ್ರಮಾಣವಿಚಾರದ ದೃಷ್ಟಿಯಿಂದಲೇ, ನಮ್ಮ ಮಕ್ಕಳು ವಿಜ್ಞಾನವೆಂದರೆ ಏನೆಂದು ತಿಳಿದುಕೊಂಡಿದ್ದಾರೆ ಎಂಬ ಪ್ರಶ್ನೆಯನ್ನು ತಮ್ಮ ಮುಂದೆ ಇಡುತ್ತೇನೆ.

ಮಕ್ಕಳನ್ನು ಕರೆದು, ನೀರು ಯಾವುದರಿಂದ ಆಗಿದೆ ಎಂದು ಕೇಳಿದರೆ ಜಲಜನಕ ಆಮ್ಲಜನಕಗಳಿಂದ ಆಗಿದೆ ಎಂದು ತಡೆಯಿಲ್ಲದೆ ಹೇಳುವರು. ಅದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಪುಸ್ತಕದಲ್ಲಿದೆ ಎನ್ನುವರು. ಪುಸ್ತಕ ಬರೆದವರಿಗೆ ಹೇಗೆ ಗೊತ್ತಾಯಿತು ಎಂದರೆ ಸುಮ್ಮನಾಗುವರು. ೧೮೦೦ರಲ್ಲಿ ನಿಕಲ್ಸನ್, ಕಾರ್ಲೈಲ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ನೀರಿನೊಳಕ್ಕೆ ವಿದ್ಯುತ್ತನ್ನು ಹಾಯಿಸಿ, ಅದು ಎರಡು ಅನಿಲಗಳಾಗಿ ಒಡೆಯುವುದನ್ನು ಕಂಡರು. ಹಾಗೆ ಒಡೆದಾಗ ಒಂದು ಅನಿಲ ಎರಡು ಪಾಲು, ಮತ್ತೊಂದು ಒಂದು ಪಾಲು ಬರುವುದು. ಇದನ್ನು ಇಂದಿಗೂ ಯಾವ ಶಾಲೆಯಲ್ಲಾದರೂ ಮಾಡಿ ನೋಡಬಹುದು. ಕಂಡು ಹೇಳಿದ ಮಾತಿಗೂ ಕೇಳಿ ಹೇಳಿದ ಮಾತಿಗೂ ಅಕ್ಷರಗಳಲ್ಲಿ ಭೇದವಿಲ್ಲ. ಅರಿವಿನಲ್ಲಿ ಮಾತ್ರ ಬಹಳ ಭೇದವುಂಟು.

ಪ್ರಮಾಣವನ್ನು ಬಿಟ್ಟು ಫಲವನ್ನು ಮಾತ್ರ ಕಂಠಪಾಠ ಮಾಡಿದ ವಿದ್ಯಾರ್ಥಿಯು ಎರಡು ದೋಷಗಳಲ್ಲಿ ಒಂದಕ್ಕೆ ತಪ್ಪದೆ ಗುರಿಯಾಗುವನು. ಪುಸ್ತಕದ ಮಾತು ಎಂದೆಂದಿಗೂ ಕದಲದ ಸತ್ಯವೆಂದು ನಂಬುವುದು ಮೊದಲನೆಯ ದೋಷ. ಅದರಲ್ಲಿ ಒಂದು ಮಾತು ಬದಲಾಯಿತೆಂದು ಕೇಳಿದೊಡನೆ, ವಿಜ್ಞಾನವೆಲ್ಲವೂ ಯಾರೋ ಕೆಲವರ ಅಭಿಪ್ರಾಯ, ಇಂದು ಒಂದು ಹೇಳಿ ನಾಳೆ ಮತ್ತೊಂದು ಹೇಳುವರು ಎಂದು ಎಲ್ಲವನ್ನೂ ತಳ್ಳಿಹಾಕುವುದು ಎರಡನೆಯ ದೋಷ. ಇವೆರಡೂ ಒಂದಕ್ಕೊಂದು ವಿರೋಧವಾಗಿ ಕಂಡರೂ ಒಂದೇ ಬೇರಿನಿಂದ ಹುಟ್ಟಿದವು. ಹೇಗೆ ತಿಳಿಯಿತು ಎಂಬುದನ್ನು ಅರಿಯದವನಿಗೆ, ಯಾವುದು ಬದಲಾಗತಕ್ಕದ್ದು ಯಾವುದು ನಿಲ್ಲತಕ್ಕದ್ದು ಎಂಬ ವಿವೇಕ ಬರಲು ದಾರಿಯೇ ಇಲ್ಲ.

ಮಾತನ್ನು ಕಲಿತೂ ಅರ್ಥವನ್ನು ಕಲಿಯದಿರುವುದು ಎಷ್ಟು ಸುಲಭವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. ೧೯೯೨ರಲ್ಲಿ ವೋಸ್ನಿಯಾದೋ ಮತ್ತು ಬ್ರೂವರ್ ಎಂಬ ವಿದ್ವಾಂಸರು ಅಮೇರಿಕದ ಇಲಿನಾಯ್ ಪ್ರಾಂತದ ಅರವತ್ತು ಮಕ್ಕಳನ್ನು ಭೂಮಿಯ ಆಕಾರದ ವಿಷಯವಾಗಿ ವಿಚಾರಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಭೂಮಿ ದುಂಡಗಿದೆ ಎಂದು ಮಕ್ಕಳು ಹೇಳಿದರು. ಆದರೆ, ನೆಟ್ಟಗೆ ಬಹಳ ದಿವಸ ನಡೆದುಹೋದರೆ ಎಲ್ಲಿಗೆ ಮುಟ್ಟುವೆ, ಭೂಮಿಗೆ ಅಂಚು ಉಂಟೇ, ಜನರು ಎಲ್ಲಿ ನಿಂತಿದ್ದಾರೆಂದು ಬರೆದು ತೋರಿಸು ಎಂದು ಬಿಡಿಸಿ ಕೇಳಿದಾಗ ಬೇರೆ ಬೇರೆ ಚಿತ್ರಗಳು ಹೊರಬಿದ್ದವು. ಕೆಲವರ ಭೂಮಿ ತಟ್ಟೆಯಂತೆ ದುಂಡು. ಕೆಲವರದು ಒಳಗೆ ಟೊಳ್ಳಾದ ಗೋಲ, ಅದರೊಳಗಿನ ಸಮತಲದ ಮೇಲೆ ಜನರು ವಾಸಿಸುವರು. ಮತ್ತೆ ಕೆಲವರಿಗೆ ಭೂಮಿಗಳೇ ಎರಡು, ಒಂದು ನಾವು ನಿಂತಿರುವ ಚಪ್ಪಟೆಯ ನೆಲ, ಇನ್ನೊಂದು ಆಕಾಶದಲ್ಲಿರುವ ಗೋಲ. ಮುಂದೆ ೧೯೯೬ರಲ್ಲಿ ಪ್ರಕಟವಾದ ಇನ್ನೊಂದು ಪರಿಶೋಧನೆಯಲ್ಲಿ ನಮ್ಮ ನೆರೆಯ ಹೈದರಾಬಾದಿನ ಮಕ್ಕಳನ್ನು ವಿಚಾರಿಸಿದಾಗ, ಭೂಮಿಯು ನೀರಿನ ಮೇಲೆ ನಿಂತಿದೆ ಎಂಬ ಕಲ್ಪನೆಯೂ ಅವರಲ್ಲಿ ಕಂಡುಬಂದಿತು. ಈ ಮಕ್ಕಳಾರೂ ದಡ್ಡರಲ್ಲ. ಕಣ್ಣು ಚಪ್ಪಟೆ ಎನ್ನುತ್ತದೆ, ಗುರುಗಳು ದುಂಡು ಎನ್ನುತ್ತಾರೆ. ಎರಡನ್ನೂ ಕೂಡಿಸಿ ಸಮನ್ವಯ ಮಾಡಿಕೊಳ್ಳಲು ಅವರ ಬುದ್ಧಿಯು ದುಡಿದಿದೆ. ಪರೀಕ್ಷೆಯಲ್ಲಿ ದುಂಡು ಎಂದು ಬರೆದವನಿಗೆ ಅಂಕ ಬರುವುದು. ಆ ದುಂಡು ತಟ್ಟೆಯ ದುಂಡೋ ಚೆಂಡಿನ ದುಂಡೋ ಎಂದು ಕೇಳುವವರಿಲ್ಲ.

ವಿಜ್ಞಾನವನ್ನು ಮಾಡುವವರಾರು ಎಂಬ ವಿಷಯದಲ್ಲಿಯೂ ಇಂತಹುದೇ ಸ್ಥಿತಿ. ಚೇಂಬರ್ಸ್ ಎಂಬುವರು ೧೯೮೩ರಲ್ಲಿ ಪ್ರಕಟಿಸಿದ ಒಂದು ಲೇಖನದ ಪ್ರಕಾರ, ವಿಜ್ಞಾನಿಯ ಚಿತ್ರವನ್ನು ಬರೆಯಿರೆಂದು ೪,೮೦೭ ಮಕ್ಕಳಿಗೆ ಹೇಳಿದಾಗ ಹೆಂಗಸಿನ ಚಿತ್ರವನ್ನು ಬರೆದವರು ೨೮ ಮಂದಿ ಮಾತ್ರ. ಆ ೨೮ ಮಂದಿಯೂ ಹುಡುಗಿಯರೇ. ಉಳಿದವರ ಕಣ್ಣಿಗೆ ವಿಜ್ಞಾನಿಯು ಒಬ್ಬ ಗಂಡಸು. ಬಿಳಿಯ ನಿಲುವಂಗಿ, ಕನ್ನಡಕ, ಗಾಜಿನ ಬುದ್ದಲಿಗಳು ಅವನ ಲಾಂಛನಗಳು. ಅವನು ನಮ್ಮಂತಹವನಲ್ಲ ಎಂದು ಮಗುವು ನಿಶ್ಚಯಿಸಿಕೊಂಡರೆ, ಅವನ ಕೆಲಸವೂ ತನ್ನದಲ್ಲವೆಂದು ನಿಶ್ಚಯಿಸಿಕೊಂಡಂತೆಯೇ ಸರಿ. ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿಯುತ್ತಿರುವ ಮಠಗಳವರು ಇದನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ವ್ಯಾಕರಣದ ವಿದ್ಯಾರ್ಥಿಯಾಗಿ ನಾನು ವಿಶೇಷವಾಗಿ ಅರಿಕೆ ಮಾಡತಕ್ಕದ್ದು ಶಬ್ದಗಳ ವಿಷಯ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಬೇಕೆಂದು ನಮ್ಮ ಹಿರಿಯರು ಬಹುಕಾಲದ ಹಿಂದೆಯೇ ದುಡಿದರು. ಬೆಳ್ಳಾವೆ ವೆಂಕಟನಾರಣಪ್ಪನವರೇ ಮೊದಲಾದವರು ೧೯೧೮ರಲ್ಲಿಯೇ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ನಡೆಸಿದರು. ಅಂತಹವರ ಶ್ರಮದಿಂದ ಪರಿಭಾಷೆ ಬೆಳೆಯಿತು. ಆದರೆ ಪರಿಭಾಷೆಗಾಗಿ ತೆಗೆದುಕೊಂಡ ಶಬ್ದಗಳಲ್ಲಿ ಅನೇಕವು ನಮ್ಮ ಶಾಸ್ತ್ರಗಳಲ್ಲಿಯೂ ಮನೆಮಾತಿನಲ್ಲಿಯೂ ಮೊದಲೇ ಬೇರೆ ಅರ್ಥವುಳ್ಳವು. ಆ ಹಳೆಯ ಅರ್ಥವು ಮಗುವಿನ ಮನಸ್ಸಿನಲ್ಲಿ ಹೊಸ ಅರ್ಥಕ್ಕೆ ಅಡ್ಡವಾಗಿ ನಿಲ್ಲುವುದು.

ನಿಯಮವೆಂಬ ಶಬ್ದವನ್ನೇ ನೋಡಿರಿ. ನಮ್ಮಲ್ಲಿ ನಿಯಮವೆಂದರೆ ಪಾಲಿಸತಕ್ಕ ಕಟ್ಟಳೆ. ಪೂಜೆಯ ನಿಯಮವುಂಟು, ಪ್ರಸಾದನಿಲಯದ ನಿಯಮವುಂಟು. ಅದನ್ನು ವಿಧಿಸಿದವನು ಒಬ್ಬ, ಪಾಲಿಸುವವನು ಮತ್ತೊಬ್ಬ; ಮೀರಿದರೆ ತಪ್ಪು ಮೀರಿದವನದು. ಇದನ್ನೇ ಬಲ್ಲ ಬಾಲಕನು ನ್ಯೂಟನ್ನನ ನಿಯಮವೆಂದು ಓದಿದಾಗ, ನ್ಯೂಟನ್ನನು ಅಪ್ಪಣೆ ಮಾಡಿದನು, ಮರದಿಂದ ಬೀಳುವ ಮಾವಿನ ಹಣ್ಣು ಅದನ್ನು ಶಿರಸಾವಹಿಸಿತು ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ವಿಜ್ಞಾನದಲ್ಲಿ ನಿಯಮವೆಂದರೆ ವಿಧಿಯಲ್ಲ, ವರ್ಣನೆ. ಪ್ರಕೃತಿಯು ನಡೆದುಕೊಳ್ಳುವ ರೀತಿಯನ್ನು ಕಂಡು, ಅಳೆದು, ಚಿಕ್ಕ ಮಾತಿನಲ್ಲಿ ಹಿಡಿದಿಡುವುದೇ ನಿಯಮ. ಅದಕ್ಕೆ ವಿರುದ್ಧವಾದ ಸಂಗತಿಯೊಂದು ನಿಸ್ಸಂದೇಹವಾಗಿ ಕಂಡುಬಂದರೆ ತಪ್ಪು ಪ್ರಕೃತಿಯದಲ್ಲ, ಮಾತಿನದು. ಆಗ ತಿದ್ದತಕ್ಕದ್ದು ಮಾತನ್ನೇ.

ಸಿದ್ಧಾಂತವೆಂಬ ಶಬ್ದವು ಇದಕ್ಕಿಂತ ತೊಡಕಾದುದು. ಪಾಠಶಾಲೆಯಲ್ಲಿ ಪೂರ್ವಪಕ್ಷವನ್ನೆಲ್ಲ ಖಂಡಿಸಿದ ಮೇಲೆ ಕೊನೆಗೆ ನಿಲ್ಲುವ ನಿರ್ಣಯವೇ ಸಿದ್ಧಾಂತ. ಅದರ ಮುಂದೆ ಮಾತಿಲ್ಲ. ವಿಜ್ಞಾನದಲ್ಲಿ ಸಿದ್ಧಾಂತವೆಂದರೆ ಅನೇಕ ಸಂಗತಿಗಳಿಗೂ ನಿಯಮಗಳಿಗೂ ಕಾರಣವನ್ನು ಕಾಣಿಸಿಕೊಡುವ ವಿವರಣೆ. ಅದು ಬಹಳ ದೃಢವಾಗಿರಬಹುದು. ಆದರೂ ಅದರ ಮುಂದೆ ಪರೀಕ್ಷೆಯ ಬಾಗಿಲು ತೆರೆದೇ ಇರುವುದು. ಊಹೆಯು ಬಲಿತು ಸಿದ್ಧಾಂತವಾಗಿ, ಸಿದ್ಧಾಂತವು ಬಲಿತು ನಿಯಮವಾಗುವುದೆಂದು ಅನೇಕ ವಿದ್ಯಾರ್ಥಿಗಳು ತಿಳಿದಿರುವರು. ಇದು ಸರಿಯಲ್ಲ. ಉಷ್ಣತೆಯನ್ನು ಬದಲಿಸದೆ ಅನಿಲವನ್ನು ಒತ್ತಿದರೆ, ಒತ್ತಡ ಇಮ್ಮಡಿಯಾದಾಗ ಗಾತ್ರ ಅರ್ಧವಾಗುವುದೆಂಬುದು ಬಾಯ್ಲನು ೧೬೬೨ರಲ್ಲಿ ಪ್ರಕಟಿಸಿದ ನಿಯಮ. ಹಾಗೇಕೆ ಆಗುವುದೆಂದರೆ, ಅನಿಲವು ಓಡಾಡುವ ಅಣುಗಳ ಸಮೂಹ, ಅವು ಪಾತ್ರೆಯ ಗೋಡೆಗೆ ಬಡಿಯುವುದೇ ಒತ್ತಡವೆಂದು ಹೇಳುವುದು ಸಿದ್ಧಾಂತ. ಮೊದಲನೆಯದು ಏನಾಗುವುದೆಂಬುದನ್ನು ಹೇಳುತ್ತದೆ, ಎರಡನೆಯದು ಏಕಾಗುವುದೆಂಬುದನ್ನು ಹೇಳುತ್ತದೆ. ಕಣ್ಣು ಬಲಿತು ಕಿವಿಯಾಗುವುದಿಲ್ಲವಷ್ಟೆ, ಹಾಗೆಯೇ ಇವೂ.

ವಾದವೆಂಬ ಮೂರನೆಯ ಶಬ್ದವು ಮೊದಲೆರಡಕ್ಕೆ ವಿರುದ್ಧ ದಿಕ್ಕಿನಲ್ಲಿ ದಾರಿ ತಪ್ಪಿಸುವುದು. ೧೮೫೯ರಲ್ಲಿ ಡಾರ್ವಿನ್ ಪಂಡಿತನು ಪ್ರತಿಪಾದಿಸಿದುದನ್ನು ನಾವು ವಿಕಾಸವಾದವೆನ್ನುತ್ತೇವೆ. ವಾದವೆಂದರೆ ಬಾಯಿಮಾತಿನ ಜಗಳವೆಂದು ಬಳಕೆಯಲ್ಲಿರುವುದರಿಂದ, ಅವರ ವಾದ ಅವರಿಗೆ, ನಮ್ಮದು ನಮಗೆ ಎಂದು ವಿದ್ಯಾರ್ಥಿಯು ಸುಲಭವಾಗಿ ಕೈತೊಳೆದುಕೊಳ್ಳುವನು. ಕಲ್ಲಿನ ಪದರಗಳಲ್ಲಿ ಹುದುಗಿರುವ ಪ್ರಾಣಿಗಳ ಅವಶೇಷಗಳು, ಮನುಷ್ಯನ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುಗಾಲು ಇವುಗಳಲ್ಲಿ ಕಾಣುವ ಒಂದೇ ಬಗೆಯ ಎಲುಬಿನ ಕಟ್ಟಡ, ಇವೇ ಮೊದಲಾದ ಹೇತುಗಳ ರಾಶಿ ಆ ವಿವರಣೆಯ ಹಿಂದೆ ಇರುವುದನ್ನು ಅವನು ನೋಡುವುದಿಲ್ಲ. ನ್ಯಾಯಶಾಸ್ತ್ರವನ್ನು ಓದಿದವರು ಇಲ್ಲಿ ಒಂದು ಉಪಕಾರ ಮಾಡಬಲ್ಲರು. ಆ ಶಾಸ್ತ್ರದಲ್ಲಿ ತತ್ತ್ವವನ್ನು ತಿಳಿಯಬೇಕೆಂಬ ಒಂದೇ ಆಸೆಯಿಂದ ನಡೆಯುವ ವಿಚಾರಕ್ಕೆ ವಾದವೆಂದು ಹೆಸರು. ಗೆಲ್ಲಬೇಕೆಂದು ನಡೆಯುವುದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಪರರನ್ನು ಖಂಡಿಸುವುದೇ ಕೆಲಸವಾದರೆ ಅದು ವಿತಂಡ. ಈ ಶುದ್ಧವಾದ ಅರ್ಥದಲ್ಲಿ ವಿಜ್ಞಾನವೆಲ್ಲವೂ ವಾದವೇ ಸರಿ. ಅದು ಹೀನವಾದ ಮಾತಲ್ಲ, ಗೌರವದ ಮಾತು.

ಇಂತಹ ವಾದವು ಹೇಗೆ ನಡೆಯುವುದೆಂಬುದನ್ನು ಸಮುದ್ರದ ಬಣ್ಣದ ವಿಷಯದಿಂದ ತೋರಿಸಬಹುದು. ಕಡಲಿನ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೆಂದು ರಾಲೇ ಎಂಬ ಮಹಾಪಂಡಿತರು ಹೇಳಿದ್ದರು. ೧೯೨೧ರಲ್ಲಿ ಚಂದ್ರಶೇಖರ ವೆಂಕಟರಾಮನ್ನರು ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂದಿರುಗುತ್ತ, ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲಿಯನ್ನು ಕಂಡರು. ಅವರು ರಾಲೇಯವರನ್ನು ಜರೆಯಲೂ ಇಲ್ಲ, ಅವರ ಮಾತೆಂದು ಒಪ್ಪಿ ಸುಮ್ಮನಿರಲೂ ಇಲ್ಲ. ಪ್ರತಿಫಲಿಸಿ ಬರುವ ಬೆಳಕನ್ನು ತಡೆಯತಕ್ಕ ನಿಕೋಲ್ ಪಟ್ಟಕವೆಂಬ ಒಂದು ಸಣ್ಣ ಉಪಕರಣವನ್ನು ಕಣ್ಣಿಗೆ ಹಿಡಿದು ನೋಡಿದರು. ಪ್ರತಿಬಿಂಬವೇ ಕಾರಣವಾಗಿದ್ದರೆ ನೀಲಿಯು ಅಳಿಯಬೇಕಾಗಿತ್ತು, ಅದು ಅಳಿಯಲಿಲ್ಲ. ಕಾರಣವು ನೀರಿನಲ್ಲಿಯೇ ಇದೆ, ನೀರಿನ ಅಣುಗಳು ಬೆಳಕನ್ನು ಚದುರಿಸುವುದೇ ಮುಖ್ಯವೆಂದು ಅವರು ನಿರ್ಣಯಿಸಿದರು. ಅಲ್ಲಿಂದ ಬೆಳೆದ ವಿಚಾರವೇ ೧೯೨೮ರ ಫೆಬ್ರವರಿ ೨೮ರ ರಾಮನ್ ಪರಿಣಾಮದ ಶೋಧಕ್ಕೂ ೧೯೩೦ರ ನೊಬೆಲ್ ಪಾರಿತೋಷಕಕ್ಕೂ ದಾರಿಯಾಯಿತು. ಮುಂದೆ ೧೯೩೩ರಲ್ಲಿ ಅವರು ಬೆಂಗಳೂರಿಗೆ ಬಂದು ೧೯೭೦ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದುದು ನಮ್ಮ ನಾಡಿನ ಭಾಗ್ಯ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ನೀರು ತಾನೇ ಬೆಳಕಿನ ಕೆಂಪು ಭಾಗವನ್ನು ಹೀರಿಕೊಳ್ಳುವುದು ನೀಲಿಗೆ ಮುಖ್ಯ ಕಾರಣ, ಚದುರುವಿಕೆಯು ಆ ನೀಲಿಯನ್ನು ನಮ್ಮ ಕಣ್ಣಿಗೆ ಹಿಂದಿರುಗಿಸುವುದು ಎಂಬುದು ಇಂದಿನ ತಿಳಿವು. ಹಾಗಾದರೆ ರಾಮನ್ನರು ಸೋತರೇ? ಇಲ್ಲ. ಬರಿಯ ಪ್ರತಿಬಿಂಬವಲ್ಲ, ಕಾರಣವು ನೀರಿನಲ್ಲಿಯೇ ಇದೆ ಎಂದು ಅವರು ತೋರಿಸಿದುದು ನಿಂತಿದೆ. ನೀರಿನೊಳಗಿನ ಎರಡು ಕಾರಣಗಳಲ್ಲಿ ಯಾವುದು ಹೆಚ್ಚು ಎಂಬುದು ಮಾತ್ರ ತಿದ್ದಲ್ಪಟ್ಟಿದೆ. ಅವರು ಶೋಧಿಸಿದ ಪರಿಣಾಮವಂತೂ ಇಂದಿಗೂ ಲೋಕದ ಪ್ರಯೋಗಶಾಲೆಗಳಲ್ಲಿ ದಿನವೂ ಬಳಕೆಯಾಗುತ್ತಿದೆ. ವಿಜ್ಞಾನವು ಬದಲಾಗುವ ರೀತಿ ಇದು. ಮನೆಯನ್ನು ಕೆಡವುವುದೇ ಅದರ ಕ್ರಮವಲ್ಲ. ಬಿರುಕು ಕಂಡ ಗೋಡೆಯನ್ನು ಕಂಡುಹಿಡಿದು ಕಟ್ಟುವುದೇ ಅದರ ಕ್ರಮ.

ಬದಲಾವಣೆಯೆಂದು ಕಾಣುವುದರಲ್ಲಿ ಕೆಲವು ಬರಿಯ ಹೆಸರಿನ ಬದಲಾವಣೆಗಳು. ೧೯೩೦ರಲ್ಲಿ ಕಂಡುಹಿಡಿದ ಪ್ಲೂಟೋವನ್ನು ಒಂಬತ್ತನೆಯ ಗ್ರಹವೆಂದು ನಾವೆಲ್ಲರೂ ಓದಿದೆವು. ಅದರಂತಹವೇ ಬೇರೆ ಕಾಯಗಳೂ ದೂರದಲ್ಲಿ ಕಾಣಬರಲು, ಅಂತರರಾಷ್ಟ್ರೀಯ ಖಗೋಳಸಂಘದವರು ೨೦೦೬ರ ಆಗಸ್ಟ್ ತಿಂಗಳಲ್ಲಿ ಪ್ರಾಗ್ ನಗರದಲ್ಲಿ ಸೇರಿ, ಗ್ರಹಶಬ್ದಕ್ಕೆ ಲಕ್ಷಣವನ್ನು ಕಟ್ಟಿ, ಪ್ಲೂಟೋವನ್ನು ಕುಬ್ಜಗ್ರಹವೆಂದರು. ಪ್ಲೂಟೋ ಅಳಿಯಲಿಲ್ಲ, ಅದರ ಗತಿಯೂ ಬದಲಾಗಲಿಲ್ಲ, ಬದಲಾದುದು ಲಕ್ಷಣವಾಕ್ಯ. ನಮ್ಮ ಪಂಚಾಂಗದ ನವಗ್ರಹಗಳಲ್ಲಿ ಸೂರ್ಯಚಂದ್ರರೂ ಸೇರಿರುವರು. ಅಲ್ಲಿ ಗ್ರಹಶಬ್ದಕ್ಕೆ ಲಕ್ಷಣವೇ ಬೇರೆ. ಲಕ್ಷಣವನ್ನು ತಿಳಿಯದೆ, ಒಂಬತ್ತೋ ಎಂಟೋ ಎಂದು ಸಂಖ್ಯೆಗೆ ಜಗಳವಾಡುವುದು ವ್ಯರ್ಥ.

ಆದರೆ ಈ ಅವಿವೇಕವು ಯಾವಾಗಲೂ ಇಷ್ಟು ನಿರಪಾಯವಾಗಿರುವುದಿಲ್ಲ. ೨೦೨೦ರಲ್ಲಿ ಕೋವಿಡ್ ರೋಗವು ಹಬ್ಬಿದಾಗ ಏನಾಯಿತೆಂಬುದನ್ನು ಇಲ್ಲಿರುವವರೆಲ್ಲರೂ ಬಲ್ಲಿರಿ. ಆರೋಗ್ಯವಂತರಾದ ಸಾಮಾನ್ಯಜನರಿಗೆ ಮುಖಗವಸು ಬೇಕಿಲ್ಲವೆಂದು ಮೊದಲು ಹೇಳಿದ್ದ ವಿಶ್ವ ಆರೋಗ್ಯ ಸಂಸ್ಥೆಯವರು ಜೂನ್ ತಿಂಗಳಲ್ಲಿ ಆ ಸಲಹೆಯನ್ನು ಬದಲಿಸಿ, ರೋಗವು ಹರಡಿರುವ ಕಡೆಗಳಲ್ಲಿ ಅದನ್ನು ಧರಿಸಬೇಕೆಂದರು. ಗುಣಹೊಂದಿದವರ ರಕ್ತದ ಪ್ಲಾಸ್ಮಾವನ್ನು ರೋಗಿಗಳಿಗೆ ಕೊಟ್ಟರೆ ಬದುಕುವರೆಂಬ ಆಸೆಯೂ ಆಗ ಹುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ೩೯ ಆಸ್ಪತ್ರೆಗಳಲ್ಲಿ ೪೬೪ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ಲಾಸ್ಮಾವನ್ನು ಕೊಡಿಸಿ, ಮತ್ತೊಂದಕ್ಕೆ ಕೊಡಿಸದೆ ಪರೀಕ್ಷಿಸಿದರು. ರೋಗ ಉಲ್ಬಣಿಸುವುದಾಗಲಿ ಮರಣವಾಗಲಿ ಅದರಿಂದ ತಗ್ಗಲಿಲ್ಲವೆಂದು ೨೦೨೦ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ೨೦೨೧ರ ಮೇ ತಿಂಗಳಲ್ಲಿ ಪ್ಲಾಸ್ಮಾ ಚಿಕಿತ್ಸೆಯನ್ನು ಚಿಕಿತ್ಸಾಕ್ರಮದಿಂದ ತೆಗೆದುಹಾಕಲಾಯಿತು. ಈ ನಡುವೆ ಎಷ್ಟೋ ಮನೆಗಳವರು ಪ್ಲಾಸ್ಮಾಕ್ಕಾಗಿ ಊರೂರು ಅಲೆದರು. ಮತ್ತೆ ಕೆಲವರು, ವೈದ್ಯರ ಮಾತಿಗೆ ನೆಲೆಯಿಲ್ಲವೆಂದು ಹೇಳುತ್ತ ಲಸಿಕೆಯನ್ನೂ ದೂರಮಾಡಿದರು. ವಿಜ್ಞಾನದ ಸ್ವರೂಪವನ್ನು ಅರಿತವನು, ಹೊಸ ರೋಗದಲ್ಲಿ ಮೊದಲ ಮಾತು ದುರ್ಬಲವಾಗಿರುವುದು ಸಹಜ, ಪರೀಕ್ಷೆ ನಡೆದಂತೆ ಅದು ಬಲಗೊಳ್ಳುವುದು ಅಥವಾ ಬಿದ್ದುಹೋಗುವುದು ಎಂದು ತಿಳಿದು, ಆಯಾ ಕಾಲದ ಅತ್ಯಂತ ಪರೀಕ್ಷಿತವಾದ ಮಾತನ್ನು ಹಿಡಿದು ನಡೆಯುವನು. ಅರಿಯದವನಿಗೆ ಪರೀಕ್ಷೆಯೇ ಅಪ್ರಾಮಾಣಿಕತೆಯಂತೆ ಕಾಣುವುದು. ಇದು ಅಂಕಗಳ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಬದಲಾಗುವುದನ್ನು ಪ್ರಮಾಣವೆಂದು ನಂಬುವುದೆಂತು? ಸಮಾಧಾನವೇನೆಂದರೆ, ವಿಜ್ಞಾನದ ಎಲ್ಲ ಮಾತುಗಳೂ ಸಮಾನವಾದ ದೃಢತೆಯುಳ್ಳವಲ್ಲ. ೧೬೨೮ರಲ್ಲಿ ಹಾರ್ವೆ ಎಂಬ ವೈದ್ಯನು ರಕ್ತವು ಶರೀರದಲ್ಲಿ ಸುತ್ತುವುದೆಂದು ಪ್ರತಿಪಾದಿಸಿದನು. ಹೃದಯವು ಅರ್ಧಗಂಟೆಯಲ್ಲಿ ಹೊರದೂಡುವ ರಕ್ತವನ್ನು ಲೆಕ್ಕಹಾಕಿದರೆ ಅದು ಶರೀರದಲ್ಲಿರುವ ಒಟ್ಟು ರಕ್ತಕ್ಕಿಂತ ಹೆಚ್ಚಾಗುವುದರಿಂದ, ಅದೇ ರಕ್ತವು ಮತ್ತೆ ಹಿಂದಿರುಗಲೇಬೇಕು ಎಂಬುದು ಅವನ ಅನುಮಾನ. ಹೊರಡುವ ನಾಳಗಳಿಂದ ಹಿಂದಿರುಗುವ ನಾಳಗಳಿಗೆ ರಕ್ತವು ಹಾಯುವ ದಾರಿಯನ್ನು ಅವನು ಕಣ್ಣಾರೆ ಕಾಣಲಿಲ್ಲ. ಅವನು ತೀರಿಕೊಂಡ ಮೇಲೆ ೧೬೬೧ರಲ್ಲಿ ಮಾಲ್ಪೀಘಿ ಎಂಬುವನು ಸೂಕ್ಷ್ಮದರ್ಶಕದಿಂದ ಕಪ್ಪೆಯ ಶ್ವಾಸಕೋಶದಲ್ಲಿ ಆ ಕೂದಲೆಳೆಯಂತಹ ನಾಳಗಳನ್ನು ಕಂಡನು. ಅನುಮಾನದಿಂದ ಸಿದ್ಧವಾದುದು ಪ್ರತ್ಯಕ್ಷದಿಂದಲೂ ಸಿದ್ಧವಾಯಿತು. ಹೀಗೆ ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ಕಡೆ ಸೇರಿದ ತಿಳಿವು ಹೊಸ ಔಷಧದ ಮೊದಲ ವರದಿಯಂತಹುದಲ್ಲ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಕೂಡದು. ಯಾವ ಮಾತಿನ ಹಿಂದೆ ಎಷ್ಟು ಪರೀಕ್ಷೆಯಿದೆ ಎಂದು ಕೇಳಬಲ್ಲವನೇ ವಿಜ್ಞಾನವನ್ನು ಬಲ್ಲವನು.

ನಮ್ಮವರು ಆಡುವ ಇನ್ನೊಂದು ಮಾತನ್ನೂ ಇಲ್ಲಿ ವಿಚಾರಿಸಬೇಕು. ಇಂದಿನ ಶೋಧಗಳೆಲ್ಲವೂ ನಮ್ಮ ಪೂರ್ವಗ್ರಂಥಗಳಲ್ಲಿ ಇದ್ದೇ ಇದ್ದುವೆಂದು ಅಭಿಮಾನದಿಂದ ಹೇಳುವವರುಂಟು. ಅಭಿಮಾನವು ಒಳ್ಳೆಯದೇ, ಆದರೆ ಫಲವು ಹೊರಬಿದ್ದ ಮೇಲೆ ಶ್ಲೋಕದಲ್ಲಿ ಅದನ್ನು ಕಾಣುವುದು ತಿಳಿವಲ್ಲ. ನಮ್ಮ ಹಿರಿಯರ ನಿಜವಾದ ಹಿರಿಮೆ ಬೇರೆ ಕಡೆಯಿದೆ. ಆರ್ಯಭಟನು ಕ್ರಿ. ಶ. ೪೯೯ರಲ್ಲಿ ಭೂಮಿಯೇ ತನ್ನ ಸುತ್ತ ತಾನು ತಿರುಗುವುದೆಂದನು. ೬೨೮ರಲ್ಲಿ ಬ್ರಹ್ಮಗುಪ್ತನು ಅದನ್ನು ಆಕ್ಷೇಪಿಸಿದನು. ಈ ಒಂದು ವಿಷಯದಲ್ಲಿ ಆರ್ಯಭಟನ ಮಾತೇ ನಿಂತಿತು. ಹಾಗೆಂದು ಬ್ರಹ್ಮಗುಪ್ತನು ಕಡಮೆಯ ಪಂಡಿತನಲ್ಲ. ಹಿರಿಯರೆಂದು ಹೆದರದೆ, ಹಿರಿಯರೆಂಬ ಗೌರವವನ್ನೂ ಬಿಡದೆ ಪರಸ್ಪರ ಪರೀಕ್ಷಿಸಿದ ಈ ಪೂರ್ವಪಕ್ಷದ ಪದ್ಧತಿಯೇ ನಮಗೆ ಬಂದ ಆಸ್ತಿ. ಅದನ್ನು ಮಕ್ಕಳಿಗೆ ಕೊಟ್ಟರೆ ಪೂರ್ವಜರ ಋಣ ತೀರಿಸಿದಂತೆ. ೧೯೭೬ರ ತಿದ್ದುಪಡಿಯಿಂದ ನಮ್ಮ ರಾಜ್ಯಾಂಗದಲ್ಲಿ ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರಜೆಗಳ ಕರ್ತವ್ಯವೆಂದು ಸೇರಿಸಿರುವುದು ಈ ಆಸ್ತಿಗೆ ಹೊರತಾದುದಲ್ಲ.

ಕೊನೆಯದಾಗಿ, ಇದೆಲ್ಲಕ್ಕೂ ಬಹಳ ಧನವ್ಯಯ ಬೇಕೆಂದು ಭಕ್ತರು ಶಂಕಿಸಬೇಕಾದುದಿಲ್ಲ. ಶ್ರೀಮಠದ ಅಂಗಳದಲ್ಲಿ ಒಂದು ನೆಟ್ಟನೆಯ ಕೋಲನ್ನು ನಿಲ್ಲಿಸಿರಿ. ಜ್ಯೋತಿಷದವರು ಶಂಕುವೆನ್ನುವುದು ಇದನ್ನೇ. ದಿನವೂ ಮಧ್ಯಾಹ್ನ ಸೂರ್ಯನು ನೆತ್ತಿಯ ಮೇಲೆ ಬರುವನೆಂದು ಮಕ್ಕಳೆಲ್ಲರೂ ನಂಬಿರುವರು. ಪ್ರತಿದಿನವೂ ಅತ್ಯಂತ ಚಿಕ್ಕದಾದ ನೆರಳನ್ನು ಅಳೆದು, ಗಳಿಗೆಯನ್ನು ಬರೆದಿಡಲಿ. ಆ ನೆರಳು ಹನ್ನೆರಡಕ್ಕೆ ಸರಿಯಾಗಿ ಬಾರದೆ, ನಮ್ಮ ನಾಡಿನಲ್ಲಿ ಸರಾಸರಿ ಇಪ್ಪತ್ತು ಮೂವತ್ತು ನಿಮಿಷ ತಡವಾಗಿ ಬರುವುದನ್ನು ಕಾಣುವರು. ಗಡಿಯಾರವು ಪೂರ್ವದ ಬೇರೊಂದು ರೇಖೆಯ ಕಾಲವನ್ನು ತೋರಿಸುವುದೆಂದು ಆಗ ಹೇಳಿದರೆ ತಲೆಗೆ ಹತ್ತುವುದು. ನೆರಳು ಪೂರ್ತಿಯಾಗಿ ಕೋಲಿನ ಬುಡಕ್ಕೆ ಸೇರುವುದು ವರ್ಷದಲ್ಲಿ ಎರಡೇ ದಿನ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದಲ್ಲೊಮ್ಮೆ. ಆ ಎರಡರ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುವುದನ್ನು ಕಂಡು ಮಕ್ಕಳು ಬೆರಗಾಗುವರು. ಇಬ್ಬರು ಅಳೆದರೆ ಎರಡು ಅಳತೆ ಬರುವುದು. ಯಾರದು ಸರಿ, ಕೋಲು ವಾಲಿದೆಯೇ, ನೆಲ ಸಮವಾಗಿದೆಯೇ ಎಂದು ಅವರು ಚರ್ಚಿಸಲಿ. ಉತ್ತರವನ್ನು ಗುರುಗಳು ಅವಸರದಿಂದ ಹೇಳಿಬಿಡಬಾರದು. ಆ ಚರ್ಚೆಯೇ ವಿಜ್ಞಾನ. ಹಾಗೆಯೇ ಪ್ರತಿದಿನದ ಪಾಠದಲ್ಲಿ ಒಂದು ಮಾತಿಗಾದರೂ, ಇದು ಹೇಗೆ ತಿಳಿಯಿತು ಎಂಬ ಪ್ರಶ್ನೆಯನ್ನು ಕೇಳಿಸಿ ಬರೆಯಿಸಬೇಕೆಂದು ಅಧ್ಯಾಪಕರಲ್ಲಿ ಪ್ರಾರ್ಥಿಸುತ್ತೇನೆ.

ವಿದ್ಯಾರ್ಥಿಗಳೇ, ಅನ್ನದಾಸೋಹದಲ್ಲಿ ಬಡಿಸಿದುದನ್ನು ಉಂಡರೆ ಸಾಲದು, ಅದು ಜೀರ್ಣವಾಗಿ ರಕ್ತವಾಗಬೇಕು, ಜ್ಞಾನದಾಸೋಹದಲ್ಲಿಯೂ ಹಾಗೆಯೇ. ಕೇಳಿದ ಮಾತನ್ನು ಪರೀಕ್ಷಿಸಿ ನಿಮ್ಮದನ್ನಾಗಿ ಮಾಡಿಕೊಳ್ಳಿರಿ. ಪರೀಕ್ಷೆಗೆ ನಿಂತುದನ್ನು ಧೈರ್ಯದಿಂದ ಹಿಡಿಯಿರಿ; ನಿಲ್ಲದುದನ್ನು ವಿನಯದಿಂದ ಬಿಡಿರಿ. ಅರಿವು ಆಚಾರಗಳೆರಡೂ ನಿಮ್ಮಲ್ಲಿ ಕೂಡಿ ಬೆಳೆಯಲಿ ಎಂದು ಹಾರೈಸುತ್ತೇನೆ.